ನೀಲಾಬಾಯಿ ಹೇಳದ ಹೆಸರು

ರೋಹಿಣಿ ಮಳೆ ಒಂದು ಸುತ್ತು ಬಿದ್ದು ಬಿಟ್ಟಿತ್ತು. ಎಪ್ಪತ್ನಾಲ್ಕನೇ ಇಸವಿ. ಮಧ್ಯಾಹ್ನದ ಊಟ ಮುಗಿದು ಟಿಕೋಟಾದ ಹತ್ತಿ ಗಿರಣಿ ಮತ್ತೆ ಸದ್ದು ಮಾಡುವ ಹೊತ್ತು. ಇದು ಶುರುವಾದದ್ದು ಆಗ.

ನಾನು ಬಬಲೇಶ್ವರದವನು, ಗಿರಣಿಯ ವೈರಮನ್. ನೀಲಾಬಾಯಿ ಗಿರಣಿಯ ಟೆಲಿಫೋನ್ ಬೋರ್ಡಿನ ಮುಂದೆ ಕೂರುವಾಕೆ. ಗೋದಾಮು, ತೂಕದ ಕಾಟಾ, ನನ್ನ ಕೋಣೆ, ಎಲ್ಲಿಯ ಫೋನಾದರೂ ಅವಳ ಕೈಯಿಂದಲೇ ಕೂಡಬೇಕು. ಯಾರಾದರೂ ಹ್ಯಾಂಡಲ್ ತಿರುಗಿಸಿದರೆ ಬೋರ್ಡಿನಲ್ಲಿ ಅವರ ಹೆಸರಿನ ಸಣ್ಣ ತಗಡು ಬೀಳುತ್ತಿತ್ತು. ಅವಳು ಮೊದಲು ಆ ಹೆಸರು ಹೇಳಿ, ಆಮೇಲೆ ಯಾರು ಬೇಕೆಂದು ಕೇಳಬೇಕು. ಮಾಲೀಕರ ಕಟ್ಟಪ್ಪಣೆ.

ಸಿಡಿಲಿಗೆ ಸುಟ್ಟ ತಂತಿ ಕೂಡಿಸಿದ ಮೇಲೆ ಒಂದು ವಿಚಿತ್ರ. ಅವಳು ಹೆಸರು ಹಿಡಿದು ಕರೆದರೆ ಸರಿಯಾದ ಫೋನೇ ಗಂಟೆ ಬಾರಿಸುತ್ತಿತ್ತು. ಅವರು ತಿರುಗಿ ಕರೆದರೆ ಮಾತ್ರ ಬೇರೆಯವರ ತಗಡು ಬೀಳುತ್ತಿತ್ತು.

"ಗೋದಾಮಿನ ರಸೂಲಸಾಬರಿಗೆ ಕಾಟಾದ ಸಿದ್ದರಾಯಣ್ಣ ಅಂದ್ನಿರಿ. 'ಯವ್ವಾ, ಮುಂಜಾನಿಂದ ಎಷ್ಟ ಸಲ ತೊಟ್ಟಲದಾಗ ಹಾಕಿ ಹೆಸರ ಇಡ್ತಿ ನನಗ?' ಅಂದ್ರು."

ನಗುವಾಗ ಅವಳ ಕಣ್ಣು ಒಮ್ಮೆ ನನ್ನ ಕಡೆ ಬಂದು, ಬೋರ್ಡಿನ ಕಡೆ ಓಡಿತು.

ನನಗೆ ನಗು ಬರಲಿಲ್ಲ. ಸೋಮವಾರ ಅವಳನ್ನು ಹೆಣ್ಣು ನೋಡಲು ಕನಮಡಿ ಊರಿನವರು ಬರುತ್ತಾರೆಂದು ಅಂದು ಮುಂಜಾನೆ ಕೇಳಿದ್ದೆ. ಅವಳ ಮನಸ್ಸಿನಲ್ಲಿ ನಾನಿದ್ದೇನೋ ಇಲ್ಲವೋ ತಿಳಿಯದೆ, ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ.

ಬೋರ್ಡಿನ ಹಿಂದೆ ಹೋಗಿ ತಂತಿಗಳನ್ನು ಬಿಚ್ಚಿ, ಅದಲುಬದಲಾದದ್ದನ್ನು ಸರಿಯಾಗಿ ಕೂಡಿಸಿದೆ. ಗೋದಾಮಿಗೆ ಹೋಗಿ ಹ್ಯಾಂಡಲ್ ತಿರುಗಿಸಿದೆ.

"ರಸೂಲಸಾಬರ, ಯಾರು ಬೇಕ್ರಿ?"

ಕಾಟಾದ ಕಡೆ ಓಡಿದೆ.

"ಸಿದ್ದರಾಯಣ್ಣಾರ, ಯಾರು ಬೇಕ್ರಿ?"

ಕಡೆಗೆ ನನ್ನ ಕೋಣೆಯಿಂದ ತಿರುಗಿಸಿದೆ. ಬರೀ ಉಸಿರು ಕೇಳಿಸಿತು.

"ಯಾರ ತಗಡು ಬಿತ್ತು?"

"ಬೀಳಬೇಕಾದ್ದ ಬಿದ್ದೈತ್ರಿ."

"ಹಂಗಾರ ಹೆಸರ ಹೇಳು."

ಫೋನ್ ಇಟ್ಟುಬಿಟ್ಟಳು.

ಓಡಿಹೋಗಿ ನೋಡಿದರೆ ಬಿದ್ದದ್ದು 'ಶಿವಯೋಗೆಪ್ಪ', ನನ್ನದೇ.

"ಕಣ್ಣ ಮುಂದ ಐತಿ. ನಿನ್ನಿತನಕ ಹೇಳತಿದ್ದೆಲ್ಲಾ?"

"ನಿನ್ನಿ ಮಾತ ಬ್ಯಾರೆ. ಕನಮಡ್ಯವರ ಸುದ್ದಿ ಇರಲಿಲ್ಲ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ನಮ್ಮವ್ವ ಇವತ್ತಿಗೂ ನಮ್ಮಪ್ಪನ ಹೆಸರ ಹೇಳಂಗಿಲ್ರಿ."

ನನಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

"ಮತ್ತ... ಆ ಕನಮಡಿ ಹುಡುಗ?"

"ಗೊಲ್ಲಾಳಪ್ಪ." ತಲೆ ಎತ್ತಿದಳು. "ನೋಡ್ರಿ, ಎಷ್ಟ ಸಲೀಸ ಬಂತು!"

ರವಿವಾರ ನನ್ನವ್ವ ಅವರ ಮನೆಗೆ ಹೋಗಿ ಹೆಣ್ಣು ಕೇಳಿದಳು. "ನಾಳಿ ಬರೋ ಮಂದಿಗೆ ಹೆಂಗ ಬ್ಯಾಡನ್ಲಿ, ತಂಗಿ?" ಎಂದು ಅವಳಪ್ಪ ತಲೆ ತಗ್ಗಿಸಿದನಂತೆ. ಮರುದಿನವೆಲ್ಲ ಬೋರ್ಡಿನ ಮುಂದಿನ ಖಾಲಿ ಕುರ್ಚಿಯ ಸುತ್ತ ಅಡ್ಡಾಡಿದೆ. ಬಸಿಯಲ್ಲಿ ಹಾಕಿಟ್ಟ ಚಹಾ ಆರಿಹೋಯಿತು.

ಅಂದು ಅವರ ಮನೆಯಲ್ಲಿ ನಡೆದದ್ದನ್ನು ಅವಳವ್ವ ಶಂಕ್ರೆವ್ವನೇ ಆಮೇಲೆ ಹೇಳಿದಳು. ನೀಲಾಬಾಯಿ ತುಂಬಿದ ಮನೆಯಲ್ಲಿ ಚಹಾದ ತಾಟು ಹಿಡಿದು, "ತಗೋರಿ ಗೊಲ್ಲಾಳಪ್ಪ" ಎಂದಳಂತೆ. ಮಂದಿ ಮುಖ ಮುಖ ನೋಡಿಕೊಂಡರು. ಅವಳು ಬಿಡಲಿಲ್ಲ.

"ಗೊಲ್ಲಾಳಪ್ಪಾ, ಕಿವಿ ಮಂದೇನ್ರಿ? ಚಹಾ ಆರತೈತಿ!"

"ಗಂಡನ ಹೆಸರ ಹಿಡದ ಕೂಗೋ ಸೊಸಿ ನಮಗ ಬ್ಯಾಡವಾ" ಎಂದು ಹುಡುಗನ ತಾಯಿ ಎದ್ದಳು. ಚಹಾ ಮುಟ್ಟದೆ ಕನಮಡಿಯವರು ಹೊರಟುಹೋದರು. ಶಂಕ್ರೆವ್ವ ಬಾಯಿಗೆ ಸೆರಗು ಒತ್ತಿಕೊಂಡು ಮಗಳನ್ನೇ ನೋಡಿದಳಂತೆ.

ನಮ್ಮ ಮದುವೆಯಾಗಿ ಮೊಮ್ಮಕ್ಕಳು ಬಂದರೂ ನನ್ನ ಹೆಸರನ್ನು ಅವಳ ಬಾಯಿಂದ ಮತ್ತೆ ಕೇಳಿಲ್ಲ.