ಹೆಸರು ಅಳಿಸಿದ ಫೋನು

ಮಂಗಳವಾರ ಬೆಳಗ್ಗೆ ಠಾಣೆಗೆ ಬಂದ ಹೊಲಿಗೆಯವಳ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಗುಟ್ಟಾಗಿ ಬಾಡಿಗೆ ಕೋಣೆ ಹಿಡಿದಿದ್ದಳು. ಒಡಹುಟ್ಟಿದ ಅಣ್ಣನಿಗೂ ವಿಳಾಸ ಕೊಟ್ಟಿರಲಿಲ್ಲ. ಹೊಡೆತ ತಿಂದವಳು ಅಡಗಬೇಕು, ಹೊಡೆದವನು ಎದೆ ಸೆಟೆಸಿ ತಿರುಗಬೇಕು; ಲೋಕದ ನ್ಯಾಯ ಇದು. ಆದರೂ ಗಂಡ ಹುಡುಕಿಕೊಂಡು ಬಂದಿದ್ದ.

"ಕೈ ಮುರಿದವನು ಗೊತ್ತು ಸರ್. ದಾರಿ ತೋರಿಸಿದವರು ಯಾರು? ಅದು ತಿಳೀದಿದ್ರೆ ನಾನು ಎಲ್ಲಿಗೆ ಹೋದ್ರೂ ಇದೇ ಪಾಡು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಗಂಡ ಸಿಕ್ಕ. ಅವನ ಫೋನಿಗೆ ಅಪರಿಚಿತ ನಂಬರಿನಿಂದ ಸಂದೇಶ ಬಂದಿತ್ತು: "ಗೋದಾಮಿನ ಎದುರಿನ ಕಟ್ಟಡ, ಎರಡನೇ ಮಹಡಿ." ಕೋಣೆ ಯಾವುದೆಂದು ಇರಲಿಲ್ಲ, ಅವನು ಒಂದೊಂದೇ ಬಾಗಿಲು ಬಡಿದಿದ್ದ. ಕಣ್ಣಾರೆ ಕಂಡವನು ಹೀಗೆ ಬರೆಯುವುದಿಲ್ಲ ಎಂಬುದು ಇನ್‌ಸ್ಪೆಕ್ಟರ್‌ಗೆ ಕೊರೆಯಿತು. ಪಂಚನಾಮೆಯ ವೇಳೆ ಆ ಮಹಡಿಯಲ್ಲಿ ಕಂಡದ್ದು ಊರಿನ ಉಚಿತ ವೈಫೈ ಪೆಟ್ಟಿಗೆ.

ಯಾವ ಫೋನು ಯಾವಾಗ ಯಾವ ಪೆಟ್ಟಿಗೆಗೆ ಸೇರುತ್ತದೆ ಎಂಬ ಮಾಹಿತಿ ಸಂಗ್ರಹಿಸಿ, ಜನರ ಖಾಸಗಿತನದ ಬಗ್ಗೆ ಅಧ್ಯಯನ ಮಾಡುತ್ತಿದ್ದವಳು ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂಶೋಧಕಿ. ಮೊದಲ ಅನುಮಾನ ಅವಳ ಮೇಲೆಯೇ. ಇನ್‌ಸ್ಪೆಕ್ಟರ್ ಕಾನ್‌ಸ್ಟೆಬಲ್ ಜೊತೆ ಅವಳ ಲ್ಯಾಬಿಗೆ ಹೋದ.

"ಊರಿನವರ ಬೆನ್ನ ಹಿಂದೆಲ್ಲಾ ನೀವೇ ಇದ್ದೀರಲ್ಲ?"

"ಹೆಸರು ಅಳಿಸ್ತೀವಿ. ಪ್ರತಿ ಫೋನಿಗೂ ಒಂದು ಗುರುತಿನ ಸಂಖ್ಯೆ, ಅಷ್ಟೇ."

"ದಿನಾ ಬದಲಾಗುತ್ತಾ?"

"ಇಲ್ಲ. ಬದಲಾದ್ರೆ ಅಧ್ಯಯನ ನಡೆಯಲ್ಲ."

"ಮುಸುಕು ಹೊದಿಸಿದ್ದೀರಿ, ದಿನಾ ಅದೇ ಮುಸುಕು," ಕಾನ್‌ಸ್ಟೆಬಲ್ ಗೊಣಗಿದ.

"ಒಳಗಿರೋರು ಯಾರು ಅಂತ ತಿಳಿಯೋದು ಹೇಗೆ?" ಇನ್‌ಸ್ಪೆಕ್ಟರ್ ಕೇಳಿದ.

"ಅವರಿಗೆ ಏನಾದ್ರೂ ಕಳಿಸಿ, ಯಾವ ಗಳಿಗೇಲಿ ತೆರೆದರು ಅಂತ ನೋಡ್ಕೋಬೇಕು. ಆ ಗಳಿಗೇಲಿ ಪೆಟ್ಟಿಗೆಗೆ ಸೇರಿದ ಸಂಖ್ಯೆ ಎರಡು ಮೂರು ಸಲಾನೂ ಅದೇ ಆಗಿದ್ರೆ..." ಅವಳ ಮುಖ ಬಿಳಿಚಿತು. "ಆದ್ರೆ ಮಾಹಿತಿ ಈ ಲ್ಯಾಬಿನವರಿಗೆ ಮಾತ್ರ ಸಿಗೋದು."

ಇನ್‌ಸ್ಪೆಕ್ಟರ್ ಹೊಲಿಗೆಯವಳಿಗೆ ಫೋನ್ ಮಾಡಿದ. "ಈಗಲೇ ತೆರೆದು ನೋಡು ಅಂತ ಯಾರಾದ್ರೂ ಏನಾದ್ರೂ ಕಳಿಸಿದ್ರಾ?"

"ಅಣ್ಣ. ಅಮ್ಮನ ಹಳೇ ವಿಡಿಯೊ. ಮೂರು ಸಲ. ನೋಡಿದ್ಯಾ, ನೋಡಿದ್ಯಾ ಅಂತ ಪ್ರಾಣ ತಿಂದ." ಆಮೇಲೆ ದನಿ ಇಳಿಯಿತು. "ಅವನು ಆ ಲ್ಯಾಬಲ್ಲೇ ಟೆಕ್ನಿಷಿಯನ್, ಸರ್."

ಪಕ್ಕದ ಕೋಣೆಯಲ್ಲಿ ಕೇಬಲ್ ಸುತ್ತುತ್ತಿದ್ದ ಅಣ್ಣ ಓಡಲಿಲ್ಲ. "ತಂಗಿ ಎಲ್ಲಿದ್ದಾಳೆ ಅಂತ ತಿಳ್ಕೊಳ್ಳೋದು ತಪ್ಪಾ?"

"ತಿಳಿದ ಮೇಲೆ ನೀನ್ಯಾಕಪ್ಪಾ ಹೋಗಲಿಲ್ಲ? ಅವನನ್ಯಾಕೆ ಕಳಿಸ್ದೆ?"

ಉತ್ತರ ಬಂದದ್ದು ಬಂಧಿಸಿ ಠಾಣೆಗೆ ತಂದ ಮೇಲೆ. ತಂಗಿಯ ಗಂಡ ಅವನ ಗೆಳೆಯ. ಚಿನ್ನದಂಥ ಮನುಷ್ಯ ಎಂದು ತಂಗಿಯನ್ನು ಒಪ್ಪಿಸಿದವನು ಇವನೇ. "ಅವನು ಹೊಡೀತಾನೆ ಅಂತ ಒಪ್ಕೊಂಡ್ರೆ, ಅವಳನ್ನ ಅಲ್ಲಿಗೆ ತಳ್ಳಿದವನು ನಾನೇ ಆಗ್ತೀನಲ್ಲ ಸರ್. ಅವಳು ವಾಪಸ್ ಹೋಗಿ ನೆಟ್ಟಗೆ ಬಾಳಿದ್ರೆ ಎಲ್ಲ ಸುಳ್ಳಾಗ್ತಿತ್ತು."

ಠಾಣೆಗೆ ಬಂದು ಎಲ್ಲ ಕೇಳಿದ ತಂಗಿ ಅಳಲಿಲ್ಲ. ಬೇರೆ ಕೋಣೆ ಹುಡುಕಲು ಸಹಾಯ ಬೇಕೇ ಎಂದು ಇನ್‌ಸ್ಪೆಕ್ಟರ್ ಕೇಳಿದ.

"ಬೇಡ. ಬಾಗಿಲಿಗೊಂದು ಗಟ್ಟಿ ಚಿಲಕ ಹಾಕಿಸಿಕೊಡಿ, ಸಾಕು. ನಾನು ಅಲ್ಲೇ ಇರ್ತೀನಿ."