ತುಂಬಿಯೇ ಬರುವ ಬಾಟಲಿ

ಬಾಟಲಿ ಇವತ್ತೂ ತುಂಬಿಯೇ ಬಂದಿತ್ತು.

"ಅಮ್ಮಾ! ಒಂದು ಗುಟುಕೂ ಕುಡಿದಿಲ್ವಲ್ಲ ನೀನು!" ಮೆಣಸಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಅವಳ ಚುರುಕು ನಾಲಿಗೆಗೆ ಅಜ್ಜಿ 'ಮೆಣಸಿನಕಾಯಿ' ಎಂದು ಕರೆದೂ ಕರೆದೂ, ಅದೇ ಮೆಣಸಿ ಆಗಿತ್ತು. ಬೆಳಿಗ್ಗೆ ಅಮ್ಮನ ಬಾಟಲಿ ತುಂಬಿಸುವುದು, ಸಂಜೆ ತೊಳೆಯುವುದು ಅವಳ ಪಾಲಿನ ಕೆಲಸ.

"ಮರ್ತೇ ಹೋಯ್ತು ಕಣೇ," ಎಂದಳು ಅಮ್ಮ. ದಿನವಿಡೀ ಬಟ್ಟೆ ಕಾರ್ಖಾನೆಯಲ್ಲಿ ನಿಂತು ಶರ್ಟುಗಳಿಗೆ ಇಸ್ತ್ರಿ ಹಾಕಿ ಬಂದಿದ್ದಳು. ತುಟಿ ಒಡೆದಿತ್ತು. ಒಳಗೆ ಹೋಗಲು ಎದ್ದವಳು ತಲೆ ಸುತ್ತಿ ಬಾಗಿಲು ಹಿಡಿದುಕೊಂಡಳು.

ಮೆಣಸಿ ಓಡಿ ಹೋಗಿ ಅವಳ ತೋಳು ಹಿಡಿದುಕೊಂಡಳು.

ಮಾರನೇ ದಿನ ಕ್ಲಾಸಿನಲ್ಲಿ ಟೀಚರ್ ಕೇಳಿದರು. "ಬಿಸಿಲಲ್ಲಿ ಎಷ್ಟು ಕುಣಿದ್ರೂ ಮೈಯೊಳಗಿನ ಬಿಸಿ ಜಾಸ್ತಿ ಏರಲ್ಲ. ಯಾಕೆ?"

"ಬೆವರ್ತೀವಲ್ಲ ಮಿಸ್!"

"ಹೌದು, ಬೆವರು ಆರುವಾಗ ಮೈ ತಂಪಾಗುತ್ತೆ. ಹೋದ ನೀರು ವಾಪಸ್ ಬೇಕಲ್ಲ? ಅದಕ್ಕೇ ಬಾಯಾರಿಕೆ. ಆಗ್ಲೂ ಕುಡೀಲಿಲ್ಲ ಅಂದ್ರೆ ಮೈ ಇರೋ ನೀರನ್ನೇ ಹಿಡಿದಿಟ್ಕೊಳ್ಳುತ್ತೆ. ಒಂದಕ್ಕೆ ಹೋಗೋದೇ ಕಡಿಮೆ ಆಗುತ್ತೆ. ಆದ್ರೆ ಪಾಪ, ಎಷ್ಟು ಹೊತ್ತು ಅಂತ ತಡೆಯುತ್ತೆ? ಆಮೇಲೆ ತಲೆ ಸುತ್ತೋಕೆ ಶುರು."

ಮೆಣಸಿ ಎದ್ದು ನಿಂತಳು. "ಮಿಸ್, ನೀರು ಕುಡಿಯೋದು ಮರ್ತುಹೋಗುತ್ತಾ?"

"ನೀನು ಮರೆತ್ರೂ ಮೈ ನೆನಪಿಸುತ್ತಮ್ಮ."

ಹಾಗಾದರೆ ಅಮ್ಮ ಸುಳ್ಳು ಹೇಳಿದ್ದಳು.

ಶನಿವಾರ ಅರ್ಧ ದಿನ ಶಾಲೆ. ಮೆಣಸಿ ತನ್ನ ಬಾಟಲಿಗೆ ನೀರು ತುಂಬಿಸಿಕೊಂಡು ನೇರ ಕಾರ್ಖಾನೆಗೆ ಹೋದಳು. ಕಣ್ಣೆದುರೇ ಕುಡಿಸಿಬಿಡುವುದು ಅವಳ ಪ್ಲಾನು. ಹಬೆ ತುಂಬಿದ ಉದ್ದನೆಯ ಹಾಲಿನಲ್ಲಿ ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರ ಬೆನ್ನೂ ಒದ್ದೆ. ಎಲ್ಲರ ಟೇಬಲ್ಲಿನ ಕೆಳಗೂ ತುಂಬಿದ ಬಾಟಲಿ!

"ಕುಡಿ," ಎಂದಳು ಮೆಣಸಿ.

"ಆಮೇಲೆ ಕುಡೀತೀನಿ, ಹೋಗೇ," ಎಂದು ಅಮ್ಮ ಪಿಸುಗುಟ್ಟಿದಳು.

ಪಕ್ಕದ ಟೇಬಲ್ಲಿನ ಮುದುಕಿ ಇಸ್ತ್ರಿ ನಿಲ್ಲಿಸದೆಯೇ ನಕ್ಕಳು. "ಕುಡಿದ್ರೆ ಹೋಗ್ಬೇಕಾಗುತ್ತಲ್ಲ ಕೂಸೇ. ಕೀ ಎಲ್ಲಿದೆ ನೋಡು."

ಟಾಯ್ಲೆಟ್ಟಿನ ಕೀ ಸೂಪರ್‌ವೈಸರ್ ಕೊರಳಲ್ಲಿ ನೇತಾಡುತ್ತಿತ್ತು. ಯಾರೇ ಕೇಳಲಿ, ಅವನು ಗಡಿಯಾರ ನೋಡಿ, ಇಡೀ ಹಾಲಿಗೆ ಕೇಳುವಂತೆ, "ಮತ್ತೆ ಬಂತಾ?" ಅನ್ನುತ್ತಿದ್ದನಂತೆ. ಆ ಮಾತು ಕೇಳುವುದಕ್ಕಿಂತ ಬಾಯಿ ಒಣಗಿಸಿಕೊಳ್ಳುವುದೇ ವಾಸಿ ಎಂದು ಎಲ್ಲರೂ ಸುಮ್ಮನಿದ್ದರು. ಮೈ ತನ್ನ ಕೈಲಾದದ್ದೆಲ್ಲ ಮಾಡುತ್ತಿತ್ತು. ಬೆವರಿಸುತ್ತಿತ್ತು, ಬಾಯಾರಿಸುತ್ತಿತ್ತು, ಹನಿ ಹನಿ ಉಳಿಸುತ್ತಿತ್ತು. ಆ ಬೀಗದ ಮುಂದೆ ಅದೇನು ಮಾಡೀತು?

ಮೆಣಸಿಯ ಮೂಗಿನ ತುದಿ ಕೆಂಪಾಯಿತು. ಶಾಲೆಯಿಂದ ನೇರ ಬಂದವಳಿಗೆ ಒಂದಕ್ಕೆ ಅವಸರವೂ ಆಗಿತ್ತು. ಸೀದಾ ಹೋಗಿ ಕೈ ಚಾಚಿದಳು.

"ಅಂಕಲ್, ಒಂದಕ್ಕೆ. ಕೀ ಕೊಡಿ."

"ಇದು ಕೆಲಸದವರಿಗೆ. ಮನೆಗೆ ಹೋಗು."

"ಮನೆ ದೂರ. ಇಲ್ಲೇ ಆಗ್ಬಿಡುತ್ತೆ, ನಿಮ್ಮ ಶರ್ಟಿನ ರಾಶಿ ಪಕ್ಕ."

ಹಾಲಿನ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಅವನು ಕೀ ತೆಗೆದು ಕೊಟ್ಟ.

ಅವಳು ಹೊರಗೆ ಬಂದಾಗ ಮುದುಕಿ ಬಾಗಿಲಲ್ಲೇ ನಿಂತಿದ್ದಳು. "ಕೀ ಇಲ್ಲಿ ಕೊಡು ಕೂಸೇ." ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಕೊನೆಯಲ್ಲಿ ಅಮ್ಮ.

"ಏನಿದು, ಮೆರವಣಿಗೆನಾ?" ಸೂಪರ್‌ವೈಸರ್ ಗದರಿದ.

"ಮಗು ಕೇಳಿದ್ರೆ ಕೊಟ್ರಿ," ಎಂದಳು ಅಮ್ಮ. "ನಾವೂ ಕೇಳ್ತಿದೀವಿ."

ಸೋಮವಾರ ಕೀ ಮತ್ತೆ ಅವನ ಕೊರಳಿಗೇ ಏರಿತ್ತಂತೆ. ಸಂಜೆ ಅಮ್ಮ ಅಷ್ಟು ಹೇಳಿ ಬ್ಯಾಗು ಇಟ್ಟಳು. ಮೆಣಸಿ ಹೆದರುತ್ತಲೇ ಬಾಟಲಿ ಎತ್ತಿದಳು.

ಹಗುರವಾಗಿತ್ತು. ಪೂರ್ತಿ ಖಾಲಿಯಲ್ಲ, ಅರ್ಧ.

"ಅದೇನೇ ಹಾಗೆ ನೋಡ್ತೀಯಾ?" ಎಂದಳು ಅಮ್ಮ.

ಇಷ್ಟು ನೀರು ಕುಡಿಯಬೇಕಾದರೆ ಅಮ್ಮ ಅಷ್ಟು ಜನರ ಮುಂದೆ ಕೀಗಾಗಿ ಕೈ ಚಾಚಿ ನಿಂತಿರಬೇಕು. ಮೆಣಸಿ ಉಳಿದ ನೀರನ್ನು ಚೆಲ್ಲಲಿಲ್ಲ. ಎರಡು ಲೋಟಕ್ಕೆ ಬಗ್ಗಿಸಿ, ಒಂದನ್ನು ಅಮ್ಮನ ಕೈಗಿಟ್ಟು, ಗೋಡೆಗೆ ಒರಗಿ ಅವಳ ಪಕ್ಕದಲ್ಲೇ ಕೂತಳು.