‘ವರೆಗೆ’ ಎಂಬ ಖಾನೆ

ನಮ್ಮೂರಿಗೆ ಹೊಸ ಪೊಲೀಸ್ ಕಮಿಷನರ್ ಬಂದಾಗಲೆಲ್ಲ ಕಚೇರಿಯ ಹಲಗೆಯ ಮೇಲೆ ಅವರ ಹೆಸರು ಬರೆಯುವವನು ನಾನು. ಹೆಸರಿನ ಮುಂದೆ ಎರಡು ಖಾನೆ: ‘ಇಂದ’, ‘ವರೆಗೆ’. ಬರೆದಾದ ಮೇಲೆ, ಉಣಕಲ್ ಕೆರೆಯ ಕಡೆ ಹೋದವಳು ಕಾಣೆಯಾದ ನನ್ನ ಮಗಳು ಕಾವೇರಿಯನ್ನು ಹುಡುಕಿಕೊಡಿ ಎಂದು ಅವರಿಗೇ ಅರ್ಜಿ ಕೊಡುತ್ತಿದ್ದೆ. “ಹುಡುಕಸೋಣ ತಗೋರಿ, ಅಜ್ಜಾರ” ಎಂದವರು ಐದು ಮಂದಿ. ಐವರೂ ವರ್ಗವಾಗಿ ಹೋದರು.

ಮೊನ್ನೆ ಆರನೆಯವರ ಹೆಸರು ಬರೆಯಲು ಹೋದರೆ ಆ ಸಾಲಿನಲ್ಲಿ ಆಗಲೇ ಕಾವೇರಿಯ ಹೆಸರಿತ್ತು. ‘ಇಂದ’ ಖಾನೆಯಲ್ಲಿ ಅವಳು ಕಾಣೆಯಾದ ತಾರೀಖು.

“ಏನ್ ಕಾಕಾ, ಮಗಳನ್ನ ಕಮಿಷನರ್ ಮಾಡೀರೇನು?” ಎಂದ ಪೇದೆ ಬೀರಲಿಂಗ.

“ನಾ ಬರದಿಲ್ಲೋ.”

ಒರೆಸಿದೆ, ಹೋಗಲಿಲ್ಲ. ಹಲಗೆ ನೀರಿನೊಳಗಿನ ಕಲ್ಲಿನಂತೆ ತಣ್ಣಗಿತ್ತು. ಬ್ರಶ್ ತೊಳೆದು ಬರುವಷ್ಟರಲ್ಲಿ ‘ವರೆಗೆ’ ಖಾನೆಯೂ ತುಂಬಿತ್ತು: ಅಂದಿನದೇ ತಾರೀಖು, ನನ್ನದೇ ಅಕ್ಷರ.

ಹೊಸ ಸಾಹೇಬರ ಹೆಸರನ್ನು ಅದರ ಕೆಳಗೆ ಬರೆದೆ. ಅರ್ಜಿ ಕೊಡಲಿಲ್ಲ; ಹುಡುಕಾಟದ ಅವಧಿಯೂ ಅಲ್ಲಿಗೆ ಮುಗಿದಿತ್ತು. ಆ ತಾರೀಖು ಇನ್ನೂ ಒಣಗಿಲ್ಲ; ಮುಟ್ಟಿದರೆ ಬೆರಳಿಗೆ ಹತ್ತುತ್ತದೆ.